ಏಪ್ರಿಲ್ 1917: ಯುದ್ಧಕ್ಕೆ ಇಳಿದ ಅಮೆರಿಕ ತನ್ನವರನ್ನು ನಡೆಸಿಕೊಂಡ ಬಗೆ

1917ರ ಏಪ್ರಿಲ್ 2ರಂದು ರಾತ್ರಿ ಎಂಟೂವರೆಗೆ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ತಮ್ಮ ದೇಶದ ಸಂಸತ್ತಿನ ಎರಡೂ ಸದನಗಳ ಮುಂದೆ ನಿಂತು, ಜರ್ಮನಿಯ ಮೇಲೆ ಯುದ್ಧ ಸಾರಲು ಒಪ್ಪಿಗೆ ಕೇಳಿದರು. ಪ್ರಜಾಪ್ರಭುತ್ವ ಬಾಳುವಂತೆ ಜಗತ್ತನ್ನು ಸುರಕ್ಷಿತಗೊಳಿಸಬೇಕು ಎಂದು ಅಂದು ಅವರು ಆಡಿದ ಮಾತು ಚರಿತ್ರೆಯ ಪುಸ್ತಕಗಳಲ್ಲಿ ಉಳಿದುಕೊಂಡಿದೆ. ಭಾಷಣ ಮುಗಿಯುವ ಮುನ್ನ ಅವರು ಇನ್ನೊಂದು ಮಾತನ್ನೂ ಆಡಿದ್ದರು: ದೇಶದೊಳಗೆ ನಿಷ್ಠೆ ತಪ್ಪಿ ನಡೆಯುವವರು ಕಂಡುಬಂದರೆ ಅವರನ್ನು ನಿಷ್ಠುರವಾಗಿ ದಮನ ಮಾಡಲಾಗುವುದು. ಮೊದಲನೆಯ ಮಾತು ಎಷ್ಟರ ಮಟ್ಟಿಗೆ ಈಡೇರಿತು ಎಂಬ ಬಗ್ಗೆ ನೂರು ವರ್ಷಗಳಿಂದ ಚರ್ಚೆ ನಡೆಯುತ್ತಲೇ ಇದೆ. ಎರಡನೆಯದು ಕೆಲವೇ ವಾರಗಳಲ್ಲಿ ಅಕ್ಷರಶಃ ಜಾರಿಗೆ ಬಂತು.

ಮೊದಲ ಮಹಾಯುದ್ಧದ ಬಗ್ಗೆ ಬಹಳ ಕಾಲದಿಂದ ಓದುತ್ತ ಬಂದಿರುವ ನನಗೆ, ಒಂದು ದೇಶ ಯುದ್ಧಕ್ಕೆ ಇಳಿದದ್ದರ ಪರಿಣಾಮವನ್ನು ರಣರಂಗದಲ್ಲಷ್ಟೇ ಹುಡುಕುವ ನಮ್ಮ ರೂಢಿ ಸಾಲದು ಎಂಬ ಅಭಿಪ್ರಾಯ ದಿನೇದಿನೇ ಗಟ್ಟಿಯಾಗಿದೆ. ಅಮೆರಿಕ ಆ ಯುದ್ಧದಲ್ಲಿ ಇದ್ದದ್ದು ಹತ್ತೊಂಬತ್ತು ತಿಂಗಳು. ಗೆದ್ದ ಪಕ್ಷದಲ್ಲಿ ನಿಂತು, ಹೆಚ್ಚೇನೂ ಕಳೆದುಕೊಳ್ಳದೆ, ಮೊದಲಿಗಿಂತ ಶ್ರೀಮಂತವಾಗಿ ಹೊರಬಂದ ದೇಶವೆಂದೇ ಅದನ್ನು ಸಾಮಾನ್ಯವಾಗಿ ವರ್ಣಿಸುತ್ತಾರೆ. ಆದರೆ ಆ ದೇಶ ಆ ಹತ್ತೊಂಬತ್ತು ತಿಂಗಳಲ್ಲಿ ತನ್ನದೇ ಪ್ರಜೆಗಳೊಂದಿಗೆ ಹೇಗೆ ನಡೆದುಕೊಂಡಿತು ಎಂಬುದನ್ನು ಹತ್ತಿರದಿಂದ ನೋಡಿದವರಿಗೆ ಈ ವರ್ಣನೆ ಒಪ್ಪಿಗೆಯಾಗುವುದು ಕಷ್ಟ.

ಯುದ್ಧಕ್ಕೆ ಮುಂಚಿನ ಕಥೆಯನ್ನು ಸ್ವಲ್ಪದರಲ್ಲಿ ಹೇಳಬಹುದು. 1914ರ ಆಗಸ್ಟ್‌ನಲ್ಲಿ ಯುರೋಪು ಹೊತ್ತಿಕೊಂಡಾಗ, ಅಮೆರಿಕನ್ನರು ನಡೆಯಲ್ಲಿ ಮಾತ್ರವಲ್ಲದೆ ಯೋಚನೆಯಲ್ಲೂ ತಟಸ್ಥರಾಗಿರಬೇಕು ಎಂದು ವಿಲ್ಸನ್ ಕರೆ ಕೊಟ್ಟರು. ಯೋಚನೆಯ ವಿಷಯ ಹಾಗಿರಲಿ, ವ್ಯಾಪಾರವೇ ತಟಸ್ಥವಾಗಿ ಉಳಿಯಲಿಲ್ಲ. ಬ್ರಿಟನ್ನಿನ ನೌಕಾಪಡೆ ಜರ್ಮನಿಯ ಸಮುದ್ರ ಮಾರ್ಗಗಳನ್ನು ಮುಚ್ಚಿದ್ದರಿಂದ ಅಮೆರಿಕದ ಗೋಧಿ, ಹತ್ತಿ, ಉಕ್ಕು, ಮದ್ದುಗುಂಡುಗಳೆಲ್ಲ ಒಂದೇ ದಿಕ್ಕಿಗೆ ಹರಿದವು. ಅವುಗಳ ಬೆಲೆ ತೆರಲು ಬ್ರಿಟನ್ ಮತ್ತು ಫ್ರಾನ್ಸ್‌ಗಳಿಗೆ ಸಾಲ ಬೇಕಾಯಿತು. 1915ರ ಅಕ್ಟೋಬರ್‌ನಲ್ಲಿ ಜೆ. ಪಿ. ಮಾರ್ಗನ್ ಸಂಸ್ಥೆಯ ಮುಂದಾಳುತನದಲ್ಲಿ 50 ಕೋಟಿ ಡಾಲರುಗಳ ಸಾಲ ಎತ್ತಲಾಯಿತು. 1917ರ ಏಪ್ರಿಲ್ ಹೊತ್ತಿಗೆ ಮಿತ್ರಪಕ್ಷಗಳಿಗೆ ಅಮೆರಿಕದ ಹಣಕಾಸುದಾರರು ಕೊಟ್ಟಿದ್ದ ಸಾಲ ಸುಮಾರು 230 ಕೋಟಿ ಡಾಲರಾದರೆ, ಜರ್ಮನಿಗೆ ಕೊಟ್ಟದ್ದು 3 ಕೋಟಿಯನ್ನೂ ಮುಟ್ಟಿರಲಿಲ್ಲ. ಇದೊಂದೇ ಅಮೆರಿಕವನ್ನು ಯುದ್ಧಕ್ಕೆ ಎಳೆಯಿತು ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಪಕ್ಷ ಸೋತರೆ ತನ್ನ ಸಾಲ ಮುಳುಗುತ್ತದೆ ಎಂಬ ಸ್ಥಿತಿಯಲ್ಲಿರುವ ದೇಶವನ್ನು ತಟಸ್ಥ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಜರ್ಮನಿಯ ನಡೆಗಳೂ ಕಡಿಮೆ ಹೊಣೆಗೇಡಿಯಾಗಿರಲಿಲ್ಲ. 1915ರ ಮೇ 7ರಂದು ಐರ್ಲೆಂಡಿನ ಕರಾವಳಿಯ ಬಳಿ ಜರ್ಮನ್ ಜಲಾಂತರ್ಗಾಮಿಯೊಂದು ಲೂಸಿಟೇನಿಯಾ ಎಂಬ ಪ್ರಯಾಣಿಕರ ಹಡಗನ್ನು ಮುಳುಗಿಸಿದಾಗ ಸತ್ತ ಸುಮಾರು 1,200 ಮಂದಿಯಲ್ಲಿ 128 ಜನ ಅಮೆರಿಕನ್ನರಿದ್ದರು. ವಿಲ್ಸನ್ ಆಗಲೂ ಪ್ರತಿಭಟನೆಯ ಪತ್ರಗಳಲ್ಲೇ ನಿಂತರು. 1916ರ ಚುನಾವಣೆಯಲ್ಲಿ ಅವರ ಪಕ್ಷ, ನಮ್ಮನ್ನು ಯುದ್ಧದಿಂದ ದೂರವಿಟ್ಟವರು ಇವರೇ ಎಂದು ಹೇಳಿಯೇ ಮತ ಕೇಳಿತು. ಅವರು ಗೆದ್ದದ್ದು ಕ್ಯಾಲಿಫೋರ್ನಿಯಾದ ನಾಲ್ಕು ಸಾವಿರಕ್ಕೂ ಕಡಿಮೆ ಮತಗಳ ಅಂತರದ ಬಲದ ಮೇಲೆ. ಎರಡನೆಯ ಅವಧಿ ಶುರುವಾಗುವ ಮುನ್ನವೇ, 1917ರ ಫೆಬ್ರವರಿ 1ರಿಂದ ಯಾವ ದೇಶದ ಹಡಗನ್ನಾದರೂ ಎಚ್ಚರಿಕೆ ಕೊಡದೆ ಮುಳುಗಿಸುವುದಾಗಿ ಜರ್ಮನಿ ಸಾರಿತು. ಅದರ ಬೆನ್ನಿಗೇ ಬಯಲಾದದ್ದು ಜರ್ಮನಿಯ ವಿದೇಶಾಂಗ ಮಂತ್ರಿ ಆರ್ಥರ್ ಜಿಮ್ಮರ್‌ಮನ್ ಕಳಿಸಿದ್ದ ಗುಪ್ತ ತಂತಿ. ಅಮೆರಿಕ ಯುದ್ಧಕ್ಕಿಳಿದರೆ ಮೆಕ್ಸಿಕೋ ತನ್ನ ಜೊತೆ ಸೇರಬೇಕು, ಪ್ರತಿಯಾಗಿ ಟೆಕ್ಸಾಸ್, ನ್ಯೂ ಮೆಕ್ಸಿಕೋ, ಅರಿಜೋನಾಗಳನ್ನು ಮರಳಿ ಪಡೆಯಲು ನೆರವಾಗುತ್ತೇವೆ ಎಂಬುದು ಅದರ ಸಾರ. ಶಾಂತಿ ಮಾತುಕತೆಗೆ ಅನುಕೂಲವಾಗಲೆಂದು ತಮ್ಮ ರಾಜತಾಂತ್ರಿಕ ತಂತಿಮಾರ್ಗವನ್ನು ಬಳಸಲು ಜರ್ಮನಿಗೆ ಅನುಮತಿ ಕೊಟ್ಟಿದ್ದವರು ವಿಲ್ಸನ್ನರೇ. ಈ ಸಂದೇಶ ಹೋದದ್ದು ಅದೇ ಮಾರ್ಗದಲ್ಲಿ. ಬ್ರಿಟನ್ನಿನ ಗೂಢಲಿಪಿ ತಜ್ಞರು ಅದನ್ನು ಬಿಡಿಸಿ ಅಮೆರಿಕಕ್ಕೆ ತಲುಪಿಸಿದರು. ಮಾರ್ಚ್ 1ರಂದು ಪತ್ರಿಕೆಗಳಲ್ಲಿ ಅದು ಅಚ್ಚಾದಾಗ ಬಹಳ ಮಂದಿ ನಂಬಲಿಲ್ಲ. ಎರಡು ದಿನಗಳ ಮೇಲೆ, ಅದು ನಿಜವೆಂದು ಜಿಮ್ಮರ್‌ಮನ್ ತಾವೇ ಒಪ್ಪಿಕೊಂಡರು.

ಏಪ್ರಿಲ್ 4ರಂದು ಸೆನೆಟ್ 82ಕ್ಕೆ 6 ಮತಗಳಿಂದ, 6ರಂದು ಪ್ರತಿನಿಧಿ ಸಭೆ 373ಕ್ಕೆ 50 ಮತಗಳಿಂದ ಯುದ್ಧಕ್ಕೆ ಸಮ್ಮತಿ ಕೊಟ್ಟವು. ವಿರೋಧಿಸಿದ ಈ 56 ಮಂದಿಯ ಬಗ್ಗೆ ನನಗೆ ಗೌರವವಿದೆ. ನೆಬ್ರಾಸ್ಕಾದ ಸೆನೆಟರ್ ಜಾರ್ಜ್ ನಾರಿಸ್, ನಾವು ಈಗ ನಮ್ಮ ಬಾವುಟದ ಮೇಲೆ ಡಾಲರಿನ ಗುರುತು ಒತ್ತಲು ಹೊರಟಿದ್ದೇವೆ ಎಂದು ಸದನದಲ್ಲೇ ಹೇಳಿದರು. ಮೊಂಟಾನಾದಿಂದ ಆರಿಸಿ ಬಂದಿದ್ದ ಜೆನೆಟ್ ರ‍್ಯಾಂಕಿನ್ ಅಮೆರಿಕದ ಸಂಸತ್ತಿನ ಮೊಟ್ಟಮೊದಲ ಮಹಿಳಾ ಸದಸ್ಯೆ. ಅವರು ಸದನಕ್ಕೆ ಕಾಲಿಟ್ಟು ಇನ್ನೂ ವಾರ ತುಂಬಿರಲಿಲ್ಲ. ಹೆಸರು ಕರೆದಾಗ ಅವರು, ನನ್ನ ದೇಶದ ಜೊತೆ ನಿಲ್ಲಬೇಕೆಂದಿದೆ, ಆದರೆ ಯುದ್ಧಕ್ಕೆ ಮತ ಹಾಕಲಾರೆ ಎಂದರು. ಹೆಂಗಸರಿಗೆ ರಾಜಕೀಯ ತಿಳಿಯದು ಎಂಬುದಕ್ಕೆ ಇದೇ ಸಾಕ್ಷಿಯೆಂದು ಟೀಕಿಸಿದವರು, ಅದೇ ರೀತಿ ಮತ ಹಾಕಿದ 49 ಗಂಡಸರ ಬಗ್ಗೆ ಅಂಥ ತೀರ್ಮಾನಕ್ಕೆ ಬರಲಿಲ್ಲ.

ಮತ ಹಾಕಿದಷ್ಟು ಸುಲಭವಾಗಿ ಯುದ್ಧ ಮಾಡಲು ಆಗುತ್ತಿರಲಿಲ್ಲ. ಕಾಯಂ ಸೈನ್ಯದಲ್ಲಿದ್ದವರು ಒಂದೂಕಾಲು ಲಕ್ಷದಷ್ಟು ಮಂದಿ. ಮೇ ತಿಂಗಳಲ್ಲಿ ಕಡ್ಡಾಯ ಸೈನ್ಯಭರ್ತಿಯ ಕಾಯ್ದೆ ಬಂತು. ಜೂನ್ 5ರ ಒಂದೇ ದಿನ 21ರಿಂದ 30 ವಯಸ್ಸಿನ ಒಂದು ಕೋಟಿಗೆ ಹತ್ತಿರಹತ್ತಿರದಷ್ಟು ಗಂಡಸರು ಹೆಸರು ನೋಂದಾಯಿಸಿದರು. ಹರ್ಬರ್ಟ್ ಹೂವರ್ ನೇತೃತ್ವದ ಆಹಾರ ಇಲಾಖೆ ಮಾಂಸವಿಲ್ಲದ ದಿನ, ಗೋಧಿಯಿಲ್ಲದ ದಿನ ಎಂದು ಮನೆಮನೆಗೆ ಹೇಳಿಕೊಟ್ಟಿತು. ಯುದ್ಧ ಸಾಲಪತ್ರಗಳ ಮೂಲಕ ಎರಡು ಸಾವಿರ ಕೋಟಿ ಡಾಲರಿಗೂ ಹೆಚ್ಚು ಹಣ ಕೂಡಿತು. ಇವೆಲ್ಲಕ್ಕೂ ಜನರ ಒಪ್ಪಿಗೆ ಬೇಕು, ಬರೀ ಒಪ್ಪಿಗೆ ಸಾಲದು ಉತ್ಸಾಹವೂ ಬೇಕು ಎಂದು ಪತ್ರಕರ್ತ ಜಾರ್ಜ್ ಕ್ರೀಲ್ ಅವರ ಮುಂದಾಳುತನದಲ್ಲಿ ಸರ್ಕಾರ ಒಂದು ಪ್ರಚಾರ ಸಮಿತಿಯನ್ನು ಕಟ್ಟಿತು. ಸಿನಿಮಾ ಮಂದಿರಗಳಲ್ಲಿ ರೀಲು ಬದಲಿಸುವ ನಾಲ್ಕು ನಿಮಿಷದ ಬಿಡುವಿನಲ್ಲಿ ಎದ್ದು ನಿಂತು ಭಾಷಣ ಮಾಡಲು ಸುಮಾರು 75,000 ಸ್ವಯಂಸೇವಕರನ್ನು ಆ ಸಮಿತಿ ಗೊತ್ತುಮಾಡಿತ್ತು. ಪಕ್ಕದ ಸೀಟಿನಲ್ಲಿ ಕೂತವರು ಚಪ್ಪಾಳೆ ತಟ್ಟುತ್ತಾರೋ ಇಲ್ಲವೋ ಎಂದು ನೋಡುವ ಅಭ್ಯಾಸ ಜನರಿಗೆ ಹತ್ತಿದ್ದು ಇಂಥ ಕಡೆಗಳಲ್ಲೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಆಗ ಅಮೆರಿಕದಲ್ಲಿ ಲಕ್ಷಾಂತರ ಜರ್ಮನ್ ಮೂಲದ ಕುಟುಂಬಗಳಿದ್ದವು. ಅವರ ಶಾಲೆ, ಚರ್ಚು, ಪತ್ರಿಕೆ, ಸಂಗೀತ ಸಂಘಗಳು ಮಧ್ಯಪಶ್ಚಿಮ ರಾಜ್ಯಗಳ ಊರೂರಿನಲ್ಲೂ ಇದ್ದವು. ಒಂದೇ ವರ್ಷದಲ್ಲಿ ಅವೆಲ್ಲ ಅನುಮಾನದ ವಸ್ತುಗಳಾದವು. ಬೀದಿಗಳ ಹೆಸರು ಬದಲಾಯಿತು, ಶಾಲೆಗಳಲ್ಲಿ ಜರ್ಮನ್ ಕಲಿಸುವುದು ನಿಂತಿತು, ಕಾಳಜಿಯುಳ್ಳ ಕುಟುಂಬಗಳು ಮನೆಯಲ್ಲೂ ತಾಯ್ನುಡಿ ಆಡಲು ಹೆದರಿದವು. ಇಲಿನಾಯ್ ರಾಜ್ಯದ ಕಾಲಿನ್ಸ್‌ವಿಲ್‌ನಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ರಾಬರ್ಟ್ ಪ್ರೇಗರ್ ಡ್ರೆಸ್ಡೆನ್‌ನಿಂದ ವಲಸೆ ಬಂದಿದ್ದ ಮೂವತ್ತು ವರ್ಷದ ಕಾರ್ಮಿಕ. ಅಮೆರಿಕ ಯುದ್ಧಕ್ಕಿಳಿದಾಗ ನೌಕಾಪಡೆ ಸೇರಲು ಹೋಗಿದ್ದ. ಒಂದು ಕಣ್ಣು ಗಾಜಿನದಾಗಿದ್ದರಿಂದ ಅವನನ್ನು ತೆಗೆದುಕೊಳ್ಳಲಿಲ್ಲ. ಕಲ್ಲಿದ್ದಲು ಗಣಿಯ ಕೆಲಸಕ್ಕೆ ಸೇರಬೇಕೆಂದರೆ ಕಾರ್ಮಿಕ ಸಂಘ ಸದಸ್ಯತ್ವ ಕೊಡಲಿಲ್ಲ. ಅವನು ಜರ್ಮನಿಯ ಗೂಢಚಾರನೆಂಬ ಗಾಳಿಮಾತು ಎದ್ದಿತು. 1918ರ ಏಪ್ರಿಲ್ 4ರ ರಾತ್ರಿ ಗುಂಪೊಂದು ಅವನನ್ನು ಮನೆಯಿಂದ ಎಳೆತಂದು, ಬರಿಗಾಲಲ್ಲಿ ಬೀದಿಯಲ್ಲಿ ನಡೆಸಿ, ಬಾವುಟಕ್ಕೆ ಮುತ್ತಿಡುವಂತೆ ಬಲವಂತ ಮಾಡಿತು. ಪೊಲೀಸರು ರಕ್ಷಣೆಗಾಗಿ ಅವನನ್ನು ಠಾಣೆಯಲ್ಲಿ ಇರಿಸಿದರೂ ಗುಂಪು ಅಲ್ಲಿಗೂ ನುಗ್ಗಿತು. ಊರಾಚೆಯ ಮರದಡಿ ನಿಲ್ಲಿಸಿ ಕೊನೆಯ ಆಸೆ ಕೇಳಿದಾಗ ಅವನು ಕಾಗದ ಬೇಡಿದ. ಜರ್ಮನಿಯಲ್ಲಿದ್ದ ತಂದೆತಾಯಿಗೆ, ಇವತ್ತು ನಾನು ಸಾಯಬೇಕಾಗಿದೆ, ನನಗಾಗಿ ಪ್ರಾರ್ಥಿಸಿ ಎಂದು ಬರೆದ. ನಡುರಾತ್ರಿ ಕಳೆದ ಮೇಲೆ ಅವನನ್ನು ನೇಣಿಗೇರಿಸಿದರು. ಹನ್ನೊಂದು ಮಂದಿಯ ಮೇಲೆ ಮೊಕದ್ದಮೆ ನಡೆಯಿತು. ಅವರೆಲ್ಲ ನಿರಪರಾಧಿಗಳೆಂದು ತೀರ್ಮಾನಿಸಲು ಜ್ಯೂರಿಗೆ ಒಂದು ಗಂಟೆಯೂ ಬೇಕಾಗಲಿಲ್ಲ.

ಪ್ರೇಗರ್‌ನನ್ನು ಕೊಂದದ್ದು ಗುಂಪು, ಸರ್ಕಾರವಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಗುಂಪಿಗೆ ಧೈರ್ಯ ಕೊಟ್ಟ ಗಾಳಿ ಬೀಸಿದ್ದು ರಾಜಧಾನಿಯಿಂದಲೇ. 1917ರ ಜೂನ್‌ನಲ್ಲಿ ಬಂದ ಗೂಢಚರ್ಯೆ ಕಾಯ್ದೆ, ಸೈನ್ಯಭರ್ತಿಗೆ ಅಡ್ಡಿಪಡಿಸುವುದನ್ನು 20 ವರ್ಷಗಳ ಸೆರೆಮನೆಗೆ ಅರ್ಹವಾದ ಅಪರಾಧವನ್ನಾಗಿ ಮಾಡಿತು. ಪ್ರೇಗರ್ ಸತ್ತು ತಿಂಗಳು ಕಳೆದ ಮೇಲೆ, 1918ರ ಮೇ 16ರಂದು, ಆ ಕಾಯ್ದೆಗೆ ರಾಜದ್ರೋಹದ ತಿದ್ದುಪಡಿ ಸೇರಿತು. ಸರ್ಕಾರದ ಬಗ್ಗೆ, ಸಂವಿಧಾನದ ಬಗ್ಗೆ, ಬಾವುಟದ ಬಗ್ಗೆ, ಸೈನಿಕರ ಸಮವಸ್ತ್ರದ ಬಗ್ಗೆ ಅವಹೇಳನದ ಮಾತಾಡುವುದೂ ಅಪರಾಧವಾಯಿತು. ಗುಂಪುಗಳು ಕಾನೂನನ್ನು ಕೈಗೆತ್ತಿಕೊಳ್ಳದಂತೆ ತಡೆಯಲು ಇಂಥದ್ದೊಂದು ಕಾಯ್ದೆ ಬೇಕು ಎಂಬ ವಾದವನ್ನೂ ಆಗ ಮಂಡಿಸಿದ್ದರು. ಕೊಲ್ಲುವವರನ್ನು ತಡೆಯಲು ಮಾತಾಡುವವರ ಬಾಯಿ ಕಟ್ಟಬೇಕು ಎಂಬ ಈ ತರ್ಕವನ್ನು ಎಷ್ಟು ಸಲ ಓದಿದರೂ ನನಗೆ ಸಿಟ್ಟು ಬರುತ್ತದೆ.

ಸಮಾಜವಾದಿ ಪಕ್ಷದ ನಾಯಕ ಯೂಜೀನ್ ಡೆಬ್ಸ್ ಸಿಕ್ಕಿಬಿದ್ದದ್ದು ಈ ಬಲೆಯಲ್ಲೇ. 1918ರ ಜೂನ್ 16ರಂದು ಓಹಾಯೋದ ಕ್ಯಾಂಟನ್ ಊರಿನ ಉದ್ಯಾನದಲ್ಲಿ ಅವರು, ಯುದ್ಧ ಸಾರುವವರು ಯಾವಾಗಲೂ ಆಳುವ ವರ್ಗದವರು, ಹೋರಾಡಿ ಸಾಯುವವರು ಯಾವಾಗಲೂ ಆಳಿಸಿಕೊಳ್ಳುವವರು ಎಂಬರ್ಥದ ಭಾಷಣ ಮಾಡಿದರು. ಆ ಒಂದು ಭಾಷಣಕ್ಕೆ ಹತ್ತು ವರ್ಷಗಳ ಶಿಕ್ಷೆಯಾಯಿತು. ಸುಪ್ರೀಂ ಕೋರ್ಟು ಅದನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. ಆ ತೀರ್ಪು ಬಂದದ್ದು 1919ರ ಮಾರ್ಚ್‌ನಲ್ಲಿ, ಕದನ ನಿಂತು ನಾಲ್ಕು ತಿಂಗಳಾದ ಮೇಲೆ. 1920ರಲ್ಲಿ ಅಟ್ಲಾಂಟಾದ ಸೆರೆಮನೆಯಲ್ಲಿ ಇದ್ದುಕೊಂಡೇ ಡೆಬ್ಸ್ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ 9 ಲಕ್ಷಕ್ಕೂ ಹೆಚ್ಚು ಮತ ಪಡೆದರು. ಅವರನ್ನು ಬಿಡಲು ವಿಲ್ಸನ್ ಕೊನೆಯವರೆಗೂ ಒಪ್ಪಲಿಲ್ಲ. ಬಿಟ್ಟವರು ಅವರ ನಂತರ ಅಧ್ಯಕ್ಷರಾದ, ಎದುರಾಳಿ ಪಕ್ಷದ ವಾರೆನ್ ಹಾರ್ಡಿಂಗ್, 1921ರ ಕ್ರಿಸ್‌ಮಸ್ ದಿನ.

ಈ ಕಾಲದ ಅಮೆರಿಕದಲ್ಲಿದ್ದ ಭಾರತೀಯರ ಪಾಡನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಅಮೆರಿಕದಲ್ಲಿದ್ದ ಭಾರತೀಯರು ಕಟ್ಟಿದ ಗದರ್ ಪಕ್ಷದ ಕಥೆಯನ್ನು ನಮ್ಮಲ್ಲಿ ಪಂಜಾಬಿನ ಅಧ್ಯಾಯವಾಗಿ ಮಾತ್ರ ಓದುತ್ತಾರೆ. ಯುದ್ಧ ಸಾರಿದ ಬೆನ್ನಿಗೇ ಕ್ಯಾಲಿಫೋರ್ನಿಯಾದ ಗದರ್ ಕಾರ್ಯಕರ್ತರ ಬಂಧನ ಶುರುವಾಯಿತು. ಬ್ರಿಟಿಷ್ ಭಾರತದ ವಿರುದ್ಧ ಜರ್ಮನಿಯ ನೆರವಿನಿಂದ ಸಶಸ್ತ್ರ ದಂಡಯಾತ್ರೆಗೆ ಸಂಚು ಹೂಡಿ ಅಮೆರಿಕದ ತಟಸ್ಥತೆಯನ್ನು ಮುರಿದರು ಎಂಬುದು ಅವರ ಮೇಲಿನ ಆರೋಪ. ತಟಸ್ಥತೆಯನ್ನು ಆ ದೇಶ ತಾನೇ ಕೈಬಿಟ್ಟ ಮೇಲೆ ಈ ಮೊಕದ್ದಮೆ ನಡೆಯಿತು. 1917ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ವಿಚಾರಣೆಯ ಕೊನೆಯ ದಿನ, 1918ರ ಏಪ್ರಿಲ್ 23ರಂದು, ಗದರ್ ನಾಯಕ ರಾಮಚಂದ್ರ ಅವರನ್ನು ಸಹ ಆರೋಪಿ ರಾಮ್ ಸಿಂಗ್ ನ್ಯಾಯಾಲಯದ ಒಳಗೇ ಗುಂಡಿಟ್ಟು ಕೊಂದ. ಅಲ್ಲಿದ್ದ ಮಾರ್ಷಲ್ ರಾಮ್ ಸಿಂಗ್‌ನನ್ನು ಆಗಲೇ ಹೊಡೆದುರುಳಿಸಿದ. ಇತ್ತ ವಿಲ್ಸನ್ನರ ಪ್ರಜಾಪ್ರಭುತ್ವದ ಮಾತನ್ನು ನಂಬಿದ ಭಾರತೀಯರೂ ಇದ್ದರು. ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಸರ್ ಎಸ್. ಸುಬ್ರಹ್ಮಣ್ಯ ಅಯ್ಯರ್ 1917ರ ಜೂನ್‌ನಲ್ಲಿ ಭಾರತದ ಸ್ವರಾಜ್ಯಕ್ಕೆ ಬೆಂಬಲ ಕೋರಿ ವಿಲ್ಸನ್ನರಿಗೇ ಪತ್ರ ಬರೆದರು. ಅದಕ್ಕಾಗಿ ಬ್ರಿಟಿಷರು ಖಂಡಿಸಿದಾಗ ತಮ್ಮ ಬಿರುದುಗಳನ್ನು ಹಿಂದಿರುಗಿಸಿದರು. ನಮ್ಮ ಕಡೆಯವರಾದ ಡಾ. ನಾ. ಸು. ಹರ್ಡೀಕರ್ ಆ ವರ್ಷಗಳಲ್ಲಿ ಅಮೆರಿಕದಲ್ಲೇ ಇದ್ದು, ಲಾಲಾ ಲಜಪತ ರಾಯರ ಹೋಮ್ ರೂಲ್ ಲೀಗಿಗಾಗಿ ದುಡಿಯುತ್ತಿದ್ದರು. ವಿಲ್ಸನ್ನರ ಆ ಭರವಸೆಯಲ್ಲಿ ವಸಾಹತುಗಳ ಜನರಿಗೆ ಜಾಗವಿರಲಿಲ್ಲ ಎಂಬುದು ಪ್ಯಾರಿಸ್ಸಿನ ಶಾಂತಿ ಸಮ್ಮೇಳನದಲ್ಲಿ ಎಲ್ಲರಿಗೂ ಸ್ಪಷ್ಟವಾಯಿತು.

ಆ ಜಾಗ ಅಮೆರಿಕದ ಕರಿಯರಿಗೂ ಇರಲಿಲ್ಲ. 1917ರ ಜುಲೈನಲ್ಲಿ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಬಿಳಿಯರ ಗುಂಪುಗಳು ಕರಿಯರನ್ನು ಬೀದಿಯಲ್ಲಿ ಅಟ್ಟಾಡಿಸಿ ಕೊಂದವು. ಅದೇ ತಿಂಗಳ 28ರಂದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಉದ್ದಕ್ಕೂ ಸುಮಾರು ಹತ್ತು ಸಾವಿರ ಕರಿಯರು ಒಂದು ಮಾತೂ ಆಡದೆ, ತಮಟೆಯ ಸದ್ದಿಗೆ ಹೆಜ್ಜೆ ಹಾಕುತ್ತ ಮೆರವಣಿಗೆ ಹೋದರು. ಮಕ್ಕಳು, ಹೆಂಗಸರು ಬಿಳಿಯ ಉಡುಪಿನಲ್ಲಿದ್ದರು. ಅಧ್ಯಕ್ಷರೇ, ಪ್ರಜಾಪ್ರಭುತ್ವಕ್ಕೆ ಅಮೆರಿಕವನ್ನೇ ಏಕೆ ಸುರಕ್ಷಿತಗೊಳಿಸಬಾರದು ಎಂದು ಒಂದು ಫಲಕ ಕೇಳುತ್ತಿತ್ತು. ಅಷ್ಟಾದರೂ ಸುಮಾರು ಮೂರು ಮುಕ್ಕಾಲು ಲಕ್ಷ ಕರಿಯರು ಸೈನ್ಯದಲ್ಲಿ ದುಡಿದರು. ಫ್ರಾನ್ಸಿಗೆ ಹೋದವರಲ್ಲಿ ಹೆಚ್ಚಿನವರಿಗೆ ಹಡಗಿನ ಸರಕು ಇಳಿಸುವ, ರಸ್ತೆ ಮಾಡುವ, ಹೆಣ ಹೂಳುವ ಕೆಲಸ ಸಿಕ್ಕಿತು. ಹೋರಾಡಲು ಅವಕಾಶ ಸಿಕ್ಕ ನ್ಯೂಯಾರ್ಕಿನ 369ನೇ ಪದಾತಿ ದಳವನ್ನು ಅಮೆರಿಕ ಫ್ರೆಂಚ್ ಸೇನಾಧಿಪತಿಗಳ ಕೈಗೆ ಒಪ್ಪಿಸಿತು. 191 ದಿನ ಅದು ಮುಂಚೂಣಿಯಲ್ಲಿತ್ತು. ಆಲ್ಬನಿಯ ರೈಲು ನಿಲ್ದಾಣದಲ್ಲಿ ಕೂಲಿಯಾಗಿದ್ದ ಹೆನ್ರಿ ಜಾನ್ಸನ್ ಅದರ ಸೈನಿಕ. 1918ರ ಮೇ ತಿಂಗಳ ಒಂದು ರಾತ್ರಿ ಕಾವಲಿನಲ್ಲಿದ್ದಾಗ ಜರ್ಮನ್ ತುಕಡಿಯೊಂದು ಮೇಲೆ ಬಿತ್ತು. ಬಂದೂಕು ಕೈಕೊಟ್ಟ ಮೇಲೆ ಜಾನ್ಸನ್ ಕತ್ತಿ ಹಿಡಿದು ಹೋರಾಡಿ, ಗಾಯಗೊಂಡ ಜೊತೆಗಾರನನ್ನು ಶತ್ರುಗಳು ಎಳೆದೊಯ್ಯದಂತೆ ಉಳಿಸಿಕೊಂಡ. ಅವನ ಮೈಮೇಲೆ 21 ಗಾಯಗಳಾಗಿದ್ದವು. ಫ್ರಾನ್ಸ್ ಕೂಡಲೇ ತನ್ನ ಶೌರ್ಯಪದಕ ಕೊಟ್ಟಿತು. ಅವನ ಸ್ವಂತ ದೇಶ ಅತ್ಯುನ್ನತ ಪದಕ ಕೊಟ್ಟದ್ದು 2015ರಲ್ಲಿ, ಅವನು ಬಡತನದಲ್ಲಿ ತೀರಿಕೊಂಡು 86 ವರ್ಷಗಳಾದ ಮೇಲೆ.

ರಣರಂಗದ ವಿಷಯ ಇಷ್ಟು ಸಾಕು: 1918ರ ಸೆಪ್ಟೆಂಬರ್ 26ರಿಂದ ಕದನವಿರಾಮದವರೆಗೆ ನಡೆದ ಮ್ಯೂಸ್-ಆರ್ಗಾನ್ ಕಾಳಗದಲ್ಲಿ ಹನ್ನೆರಡು ಲಕ್ಷ ಅಮೆರಿಕನ್ ಸೈನಿಕರು ಪಾಲ್ಗೊಂಡು 26,000ಕ್ಕೂ ಹೆಚ್ಚು ಮಂದಿ ಸತ್ತರು. ಆ ದೇಶದ ಚರಿತ್ರೆಯಲ್ಲಿ ಅಷ್ಟು ಜೀವಗಳನ್ನು ತೆಗೆದುಕೊಂಡ ಕಾಳಗ ಮತ್ತೊಂದಿಲ್ಲ. ಇಡೀ ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರು 1,16,516. ಅವರಲ್ಲಿ 53,402 ಮಂದಿ ಕಾದಾಡಿ ಸತ್ತವರು, ಉಳಿದವರಲ್ಲಿ ಬಹುಪಾಲು ಕಾಯಿಲೆಯಿಂದ ಸತ್ತವರು. ಸೈನ್ಯದ ಶಿಬಿರಗಳಲ್ಲಿ ಹಬ್ಬಿದ ಇನ್‌ಫ್ಲುಯೆಂಜಾ ಊರುಗಳಿಗೆ ಬಂದಾಗಲೂ ಯುದ್ಧದ ಅಗತ್ಯವೇ ಮೇಲಾಯಿತು. ಸೋಂಕು ಹರಡುತ್ತಿದೆಯೆಂದು ವೈದ್ಯರು ಎಚ್ಚರಿಸಿದ್ದರೂ ಫಿಲಡೆಲ್ಫಿಯಾದಲ್ಲಿ ಸೆಪ್ಟೆಂಬರ್ 28ರಂದು ಸಾಲಪತ್ರ ಮಾರಲು ದೊಡ್ಡ ಮೆರವಣಿಗೆ ನಡೆಸಿದರು. ಸುಮಾರು ಎರಡು ಲಕ್ಷ ಜನ ಸೇರಿದರು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆ ಉಳಿಯಲಿಲ್ಲ. ಆ ಪಿಡುಗು ಅಮೆರಿಕದಲ್ಲಿ ಒಟ್ಟು ಆರು ಮುಕ್ಕಾಲು ಲಕ್ಷ ಜೀವಗಳನ್ನು ಬಲಿ ತೆಗೆದುಕೊಂಡಿತು.

ಕೊನೆಯ ದಿನದ ಒಂದು ಸಾವನ್ನು ಮಾತ್ರ ಬಿಟ್ಟು ಮುಂದೆ ಹೋಗಲಾರೆ. ಹೆನ್ರಿ ಗುಂಥರ್ ಬಾಲ್ಟಿಮೋರಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ, ಜರ್ಮನ್ ಮೂಲದ ಕುಟುಂಬದವನು. ಕಡ್ಡಾಯ ಭರ್ತಿಯಲ್ಲಿ ಸೈನ್ಯ ಸೇರಿ ಸಾರ್ಜೆಂಟ್ ಆಗಿದ್ದ. ಇಲ್ಲಿನ ಪಾಡು ಚೆನ್ನಾಗಿಲ್ಲ, ನೀನು ಭರ್ತಿಯಿಂದ ತಪ್ಪಿಸಿಕೋ ಎಂಬರ್ಥದಲ್ಲಿ ಊರಿನ ಗೆಳೆಯನಿಗೆ ಬರೆದ ಪತ್ರ ಸೈನ್ಯದ ಪತ್ರ ತಪಾಸಕರ ಕೈಗೆ ಸಿಕ್ಕಿ, ಅವನನ್ನು ಸಾಮಾನ್ಯ ಸೈನಿಕನ ದರ್ಜೆಗೆ ಇಳಿಸಿದರು. 1918ರ ನವೆಂಬರ್ 11ರಂದು ಬೆಳಿಗ್ಗೆ ಹನ್ನೊಂದಕ್ಕೆ ಕದನ ನಿಲ್ಲುತ್ತದೆಂಬ ಸುದ್ದಿ ಅವನ ತುಕಡಿಗೆ ತಲುಪಿತ್ತು. ಕೊನೆಯ ನಿಮಿಷಗಳಲ್ಲಿ ಅವನು ಬಂದೂಕಿನ ತುದಿಗೆ ಬಾಕು ಸಿಕ್ಕಿಸಿಕೊಂಡು ಜರ್ಮನ್ ಮೆಷಿನ್‌ಗನ್ ಕಡೆಗೆ ಒಬ್ಬನೇ ಓಡಿದ. ಎದುರಿನ ಜರ್ಮನ್ನರು ಹಿಂದಕ್ಕೆ ಹೋಗೆಂದು ಕೈಬೀಸಿ ಕೂಗಿದರು. ಅವನು ನಿಲ್ಲಲಿಲ್ಲ. ಗುಂಡು ತಗುಲಿದಾಗ ಹತ್ತು ಗಂಟೆ ಐವತ್ತೊಂಬತ್ತು ನಿಮಿಷ. ಕಳೆದುಕೊಂಡ ದರ್ಜೆಯನ್ನು, ಸಂಶಯಕ್ಕೆ ಈಡಾದ ನಿಷ್ಠೆಯನ್ನು ಮರಳಿ ಗಳಿಸಲು ಅವನು ಹಾಗೆ ಮಾಡಿದನೆಂದು ಜೊತೆಗಾರರು ನಂಬಿದ್ದರು. ಆ ಯುದ್ಧದಲ್ಲಿ ಕಾದಾಡುತ್ತ ಸತ್ತ ಕೊನೆಯ ಅಮೆರಿಕನ್ ಸೈನಿಕನೆಂದು ಅವನನ್ನು ಗುರುತಿಸುತ್ತಾರೆ. ಸತ್ತ ಮೇಲೆ ಅವನ ಸಾರ್ಜೆಂಟ್ ದರ್ಜೆಯನ್ನು ಮರಳಿ ಕೊಟ್ಟರು. ತನ್ನ ಮೂಲದ ಕಾರಣಕ್ಕೆ, ಬರೆದ ಒಂದು ಪತ್ರದ ಕಾರಣಕ್ಕೆ ಒಬ್ಬ ಯುವಕ ಇಷ್ಟು ದೂರ ಹೋಗಬೇಕಾಯಿತಲ್ಲ ಎಂಬುದು ನನ್ನನ್ನು ಬಿಡದೆ ಕಾಡುತ್ತದೆ.

ಕದನ ನಿಂತರೂ ಕಾನೂನಿನ ಕಣ್ಣಿನಲ್ಲಿ ಅಮೆರಿಕದ ಯುದ್ಧ ಮುಗಿಯಲಿಲ್ಲ. ಜರ್ಮನಿಯೊಂದಿಗಿನ ವರ್ಸೈ ಶಾಂತಿ ಒಪ್ಪಂದವನ್ನೂ ಅದರೊಂದಿಗೆ ಬಂದ, ದೇಶದೇಶಗಳ ಹೊಸ ಕೂಟವಾದ ರಾಷ್ಟ್ರಸಂಘವನ್ನೂ ದೇಶಕ್ಕೆ ಒಪ್ಪಿಸಲು 1919ರ ಸೆಪ್ಟೆಂಬರ್‌ನಲ್ಲಿ ವಿಲ್ಸನ್ ರೈಲಿನಲ್ಲಿ ಊರೂರು ಸುತ್ತಿ, ಕೊಲೊರಾಡೋದ ಪ್ಯೂಬ್ಲೋದಲ್ಲಿ ಕುಸಿದರು. ಅಕ್ಟೋಬರ್ 2ರಂದು ಪಾರ್ಶ್ವವಾಯು ಹೊಡೆಯಿತು. ಎದುರಾಳಿ ಪಕ್ಷದ ಸೆನೆಟರ್ ಹೆನ್ರಿ ಕ್ಯಾಬಟ್ ಲಾಡ್ಜ್ ಕೇಳಿದ ತಿದ್ದುಪಡಿಗಳಿಗೆ ಹಾಸಿಗೆ ಹಿಡಿದ ಅಧ್ಯಕ್ಷರು ಒಪ್ಪಲಿಲ್ಲ, ಲಾಡ್ಜ್ ಬಿಡಲಿಲ್ಲ. 1920ರ ಮಾರ್ಚ್ 19ರಂದು ಏಳು ಮತಗಳ ಕೊರತೆಯಿಂದ ಒಪ್ಪಂದ ಸೆನೆಟ್‌ನಲ್ಲಿ ಬಿದ್ದುಹೋಯಿತು. ಜರ್ಮನಿಯೊಂದಿಗಿನ ಯುದ್ಧ ಮುಗಿಯಿತೆಂಬ ನಿರ್ಣಯಕ್ಕೆ ಹಾರ್ಡಿಂಗ್ ಸಹಿ ಹಾಕಿದ್ದು 1921ರ ಜುಲೈ 2ರಂದು, ನ್ಯೂ ಜೆರ್ಸಿಯ ರಾರಿಟನ್‌ನಲ್ಲಿ ಸೆನೆಟರ್ ಒಬ್ಬರ ಮನೆಯಲ್ಲಿ, ಗಾಲ್ಫ್ ಆಟದ ನಡುವೆ ಬಿಡುವು ಮಾಡಿಕೊಂಡು. ನಡುವಿನ ಎರಡೂವರೆ ವರ್ಷಗಳಲ್ಲಿ ಯುದ್ಧಕಾಲದ ಕಾಯ್ದೆಗಳಿಗೆ ಜೀವವಿತ್ತು. ಯುದ್ಧಕಾಲದ ಪಾನನಿಷೇಧಕ್ಕೆ ವಿಲ್ಸನ್ ಸಹಿ ಬಿದ್ದದ್ದೇ ಕದನವಿರಾಮವಾಗಿ ಹತ್ತು ದಿನಗಳ ಮೇಲೆ. ಜರ್ಮನ್ನರ ಮೇಲಿದ್ದ ಅನುಮಾನ ರಷ್ಯನ್ನರ ಮೇಲೆ, ಇಟಾಲಿಯನ್ನರ ಮೇಲೆ, ಕಾರ್ಮಿಕ ಸಂಘಗಳ ಮೇಲೆ ತಿರುಗಿತು. 1919ರ ನವೆಂಬರ್‌ನಿಂದ 1920ರ ಜನವರಿಯವರೆಗೆ ಅಟಾರ್ನಿ ಜನರಲ್ ಮಿಚೆಲ್ ಪಾಮರ್ ನಡೆಸಿದ ದಾಳಿಗಳಲ್ಲಿ ಸಾವಿರಾರು ಮಂದಿಯನ್ನು ಬಂಧಿಸಿದರು; ಬ್ಯೂಫೋರ್ಡ್ ಎಂಬ ಹಡಗಿನಲ್ಲಿ 249 ಮಂದಿಯನ್ನು ಗಡೀಪಾರು ಮಾಡಿದರು. ಆ ದಾಳಿಗಳಿಗೆ ಹೆಸರುಗಳ ಪಟ್ಟಿ ಸಿದ್ಧಪಡಿಸಿದವರು ನ್ಯಾಯ ಇಲಾಖೆಯ ಯುವ ಅಧಿಕಾರಿ ಜೆ. ಎಡ್ಗರ್ ಹೂವರ್. ಮುಂದೆ ಸುಮಾರು ಅರ್ಧ ಶತಮಾನ ಆ ದೇಶದ ಗುಪ್ತ ಕಡತಗಳು ಅವರ ಕೈಯಲ್ಲೇ ಇದ್ದವು.

ನೆಬ್ರಾಸ್ಕಾ ರಾಜ್ಯ ಎಳೆಯ ಮಕ್ಕಳಿಗೆ ಅನ್ಯಭಾಷೆ ಕಲಿಸಬಾರದೆಂದು ಕಾನೂನು ಮಾಡಿದ್ದೂ ಶಾಂತಿಯ ದಿನಗಳಲ್ಲೇ, 1919ರಲ್ಲಿ. ಮರುವರ್ಷ ಅಲ್ಲಿನ ಲೂಥರನ್ ಶಾಲೆಯೊಂದರಲ್ಲಿ ರಾಬರ್ಟ್ ಮೇಯರ್ ಎಂಬ ಉಪಾಧ್ಯಾಯರು ಹತ್ತು ವರ್ಷದ ಹುಡುಗನಿಗೆ ಜರ್ಮನ್ ಭಾಷೆಯ ಬೈಬಲ್ ಓದಿಸುತ್ತಿದ್ದಾಗ ಸರ್ಕಾರಿ ವಕೀಲರು ತರಗತಿಯೊಳಗೆ ಬಂದರು. ಮೇಯರ್ ಪಾಠ ನಿಲ್ಲಿಸಲಿಲ್ಲ. 25 ಡಾಲರ್ ದಂಡ ಬಿತ್ತು; ಅದನ್ನು ಕಟ್ಟದೆ ಸುಪ್ರೀಂ ಕೋರ್ಟಿನವರೆಗೆ ಹೋದರು. 1923ರಲ್ಲಿ ಅಲ್ಲಿ ಅವರು ಗೆದ್ದರು. ಆ ಹೊತ್ತಿಗೆ ಬಹಳಷ್ಟು ಮನೆಗಳಲ್ಲಿ ಜರ್ಮನ್ ಮಾತು ನಿಂತುಹೋಗಿತ್ತು.

ಯುದ್ಧಕ್ಕೆ ಹೋಗಿ ಬಂದವರ ಗತಿಯೂ ಹೇಳಿಕೊಳ್ಳುವಂತಿರಲಿಲ್ಲ. ಅವರಿಗೆ ಕೊಡಬೇಕಾದ ಪರಿಹಾರಧನವನ್ನು 1924ರಲ್ಲಿ ಮಂಜೂರು ಮಾಡಿದ ಸಂಸತ್ತು, ಹಣ ಕೈಗೆ ಸಿಗುವುದು 1945ರಲ್ಲಿ ಎಂದು ಷರತ್ತು ಹಾಕಿತು. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಸುಮಾರು 20,000 ಮಾಜಿ ಸೈನಿಕರು, ಹಲವರು ಹೆಂಡತಿ ಮಕ್ಕಳ ಸಮೇತ, 1932ರಲ್ಲಿ ರಾಜಧಾನಿಗೆ ಬಂದು ಅನಾಕೋಸ್ಟಿಯಾ ನದಿಯ ದಡದಲ್ಲಿ ಗುಡಿಸಲು ಹಾಕಿ ಕೂತರು. ಜುಲೈ 28ರಂದು ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಅವರಲ್ಲಿ ವಿಲಿಯಂ ಹುಷ್ಕಾ ಲಿಥುವೇನಿಯಾದಿಂದ ವಲಸೆ ಬಂದು ಅಮೆರಿಕಕ್ಕಾಗಿ ಯುದ್ಧಕ್ಕೆ ಹೋಗಿದ್ದವನು. ಅದೇ ದಿನ ಡಗ್ಲಸ್ ಮೆಕಾರ್ಥರ್ ನೇತೃತ್ವದ ಸೈನ್ಯ ಟ್ಯಾಂಕು, ಅಶ್ವದಳ, ಅಶ್ರುವಾಯುಗಳೊಂದಿಗೆ ಬಂದು ಅವರನ್ನು ಓಡಿಸಿತು, ಗುಡಿಸಲುಗಳು ಸುಟ್ಟುಹೋದವು. ಹಣ ಸಿಕ್ಕಿದ್ದು 1936ರಲ್ಲಿ. ಎರಡನೆಯ ಮಹಾಯುದ್ಧದ ಸೈನಿಕರಿಗೆ 1944ರಲ್ಲೇ ಕಾಲೇಜು ಶಿಕ್ಷಣ, ಮನೆಸಾಲಗಳ ಕಾಯ್ದೆ ಬಂದದ್ದರ ಹಿಂದೆ ಈ ನಾಚಿಕೆಯ ನೆನಪೂ ಇತ್ತು.

1930ರ ದಶಕದಲ್ಲಿ ಅಮೆರಿಕ ಏಪ್ರಿಲ್ 1917ರ ಲೆಕ್ಕವನ್ನು ಮತ್ತೆ ತೆಗೆದು ನೋಡಿತು. ಸೆನೆಟರ್ ಜೆರಾಲ್ಡ್ ನೈ ಅವರ ಸಮಿತಿ 1934ರಿಂದ ಎರಡು ವರ್ಷ ಮದ್ದುಗುಂಡು ತಯಾರಕರನ್ನೂ ಬ್ಯಾಂಕುದಾರರನ್ನೂ ಕರೆಸಿ ವಿಚಾರಿಸಿತು. ಹೋರಾಡುವ ದೇಶಗಳಿಗೆ ಶಸ್ತ್ರ ಮಾರಬಾರದು, ಸಾಲ ಕೊಡಬಾರದು ಎಂಬ ತಟಸ್ಥತೆಯ ಕಾಯ್ದೆಗಳು ಒಂದರ ಹಿಂದೊಂದು ಬಂದವು. ದೇಶದ ಮೇಲೆ ದಾಳಿಯಾದರೆ ಹೊರತು ಜನಮತಗಣನೆಯಿಲ್ಲದೆ ಯುದ್ಧ ಸಾರಬಾರದು ಎಂಬ ಲೂಯಿಸ್ ಲಡ್ಲೋ ಅವರ ಪ್ರಸ್ತಾವ 1938ರ ಜನವರಿಯಲ್ಲಿ ಚರ್ಚೆಗೆ ಬರದೆ ಬಿದ್ದುಹೋದದ್ದು 209ಕ್ಕೆ 188 ಮತಗಳಿಂದ, ಎಂದರೆ ಕೇವಲ 21 ಮತಗಳ ಅಂತರದಿಂದ. ಹಿಟ್ಲರ್ ಬಲಿಯುತ್ತಿದ್ದ ಆ ದಿನಗಳಲ್ಲಿ ಇಂಥ ಕಾಯ್ದೆಗಳು ತಪ್ಪು ಪಕ್ಷಕ್ಕೆ ನೆರವಾದವು ಎಂಬ ಟೀಕೆಯನ್ನು ನಾನು ಒಪ್ಪುತ್ತೇನೆ. ನನ್ನ ದೂರು ಇನ್ನೊಂದು. ಹಣ, ಹಡಗು, ಶಸ್ತ್ರಗಳ ಬಗ್ಗೆ ಇಷ್ಟು ಶ್ರಮಪಟ್ಟು ವಿಚಾರಣೆ ನಡೆಸಿದ ದೇಶ, ತನ್ನ ಪ್ರಜೆಗಳನ್ನು ಅವರ ಮೂಲದ ಕಾರಣಕ್ಕೆ ಶತ್ರುಗಳಂತೆ ಕಂಡದ್ದರ ಬಗ್ಗೆ ಅಷ್ಟೇ ಶ್ರದ್ಧೆಯಿಂದ ವಿಚಾರಿಸಿಕೊಂಡಿದ್ದರೆ, 1942ರಲ್ಲಿ ಜಪಾನಿ ಮೂಲದ ಸುಮಾರು 1,20,000 ಮಂದಿಯನ್ನು ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟುವ ಮುನ್ನ ಒಮ್ಮೆಯಾದರೂ ಹಿಂಜರಿಯುತ್ತಿತ್ತು. ಅವರಲ್ಲಿ ಮೂರನೆಯ ಎರಡು ಪಾಲು ಜನ ಅಮೆರಿಕದ ಪ್ರಜೆಗಳೇ ಆಗಿದ್ದರು.

ರಾಜದ್ರೋಹದ ತಿದ್ದುಪಡಿಯನ್ನು ಯುದ್ಧಾನಂತರ ಕೈಬಿಟ್ಟರು. ಗೂಢಚರ್ಯೆಯ ಮೂಲ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಆ ತಿದ್ದುಪಡಿಗೆ ಮಾದರಿಯಾಗಿದ್ದದ್ದು ಮೊಂಟಾನಾ ರಾಜ್ಯ 1918ರ ಫೆಬ್ರವರಿಯಲ್ಲಿ ಮಾಡಿಕೊಂಡ ಕಾನೂನು. ಹರ್ಬರ್ಟ್ ಹೂವರ್ ಅವರ ಆಹಾರ ನಿಯಮಗಳೆಲ್ಲ ದೊಡ್ಡ ತಮಾಷೆ ಎಂದ ಊರೂರು ಸುತ್ತುವ ಮಾರಾಟಗಾರನೊಬ್ಬನಿಗೆ ಅದರಡಿ ಏಳೂವರೆಯಿಂದ ಇಪ್ಪತ್ತು ವರ್ಷಗಳ ಶಿಕ್ಷೆಯಾಗಿತ್ತು. 2006ರ ಮೇ ತಿಂಗಳಲ್ಲಿ ಆ ರಾಜ್ಯದ ಗವರ್ನರ್ ಬ್ರಯಾನ್ ಶ್ವೈಟ್ಜರ್, ಹೀಗೆ ಶಿಕ್ಷೆಗೊಳಗಾದ 78 ಮಂದಿಗೆ ಮರಣೋತ್ತರ ಕ್ಷಮಾದಾನ ಪ್ರಕಟಿಸಿದರು. ಶ್ವೈಟ್ಜರ್ ಅವರ ಪೂರ್ವಿಕರೂ ರಷ್ಯಾದಿಂದ ಬಂದ ಜರ್ಮನ್ನರೇ. ಕ್ಷಮೆ ಪಡೆದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಹೆಲೆನಾದ ರಾಜ್ಯ ಭವನಕ್ಕೆ ಬಂದು ಆ ಆದೇಶಕ್ಕೆ ಸಹಿ ಬೀಳುವುದನ್ನು ನೋಡಿದರು.